ಹೊರಬೀಡಿನ ದಿನ ಊರೊಳಗಿದ್ದವರು

ಮದುವೆಯಾಗಿ ಈ ಮನೆಗೆ ಬಂದ ಮೊದಲ ವಾರವೇ ಅತ್ತೆ ನನಗೆ ಬೈದರು, ಒಲೆಯ ಬೂದಿ ಸರಿಯಾಗಿ ತೆಗೆದಿಲ್ಲವೆಂದು. ನಾನೂ ಸುಮ್ಮನಿರದೆ ತಿರುಗಿ ಅಂದೆ. ಅಂದು ಶುರುವಾದದ್ದು ಮುಂದೆ ನಿಲ್ಲಲೇ ಇಲ್ಲ. ಗಂಡ ಬದುಕಿದ್ದಾಗ ಇಬ್ಬರ ನಡುವೆ ಕೂತು ತಲೆ ಚಚ್ಚಿಕೊಳ್ಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಉಳಿದದ್ದು ನಾವಿಬ್ಬರೇ, ನನಗೆ ಮಕ್ಕಳಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಒಂದು ಜಗಳ, ಕಡಿಮೆಯಾದರೆ ಇನ್ನೊಂದು. ನೋಡಿದವರು ನಮ್ಮನ್ನು ಹಾವು ಮುಂಗುಸಿ ಎಂದುಕೊಳ್ಳುತ್ತಿದ್ದರು. ಹಾಗೇನಿರಲಿಲ್ಲ. ಬೈಯುವುದು ನಮ್ಮ ಮನೆಯಲ್ಲಿ ಮಾತನಾಡುವ ರೀತಿಯಾಗಿತ್ತು, ಅಷ್ಟೆ. ಒಂದು ದಿನ ಅತ್ತೆ ಬೈಯದಿದ್ದರೆ ಜ್ವರವೇನಾದರೂ ಬಂತೇ ಎಂದು ಹಣೆ ಮುಟ್ಟಿ ನೋಡುತ್ತಿದ್ದೆ.

ಆ ಬಾಯಿ ನನ್ನೊಬ್ಬಳಿಗೇ ಮೀಸಲಾಗಿರಲಿಲ್ಲ. ನಮ್ಮ ಹಿತ್ತಿಲಿಗೆ ಹಿತ್ತಿಲು ತಾಗಿದ ಮನೆಯಾಕೆಯ ಜೊತೆ ಅತ್ತೆಗೆ ಬಚ್ಚಲು ನೀರಿನ ವಿಷಯದಲ್ಲಿ ಹಳೆಯ ವ್ಯಾಜ್ಯ. ಇಬ್ಬರೂ ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ನಿಂತು ಹಿರಿಯರನ್ನೆಲ್ಲ ಎಳೆದು ತಂದು ಬೈದಾಡುತ್ತಿದ್ದರು. ಗಂಟಲು ಒಣಗಿದ ಮೇಲೆ ಅದೇ ಗೋಡೆಯ ಮೇಲಿಂದ ಕರಿಬೇವಿನ ಸೊಪ್ಪು ಈಸಿಕೊಂಡು ಒಳಗೆ ಬರುತ್ತಿದ್ದರು. ಆಮೇಲೆ ಅತ್ತೆಗೆ ಊಟ ಚೆನ್ನಾಗಿ ಸೇರುತ್ತಿತ್ತು.

ನಮ್ಮದು ಅಜ್ಜಂಪುರದಿಂದ ಚೌಳಹಿರಿಯೂರಿನ ಕಡೆ ಹೋಗುವಾಗ ಒಳಗೆ ಸಿಗುವ ಊರು. ಪಡುವಣಕ್ಕೆ ಟಾರು ರಸ್ತೆ. ರಸ್ತೆಗೂ ಊರಿಗೂ ನಡುವೆ ತೆಂಗಿನ ತೋಟಗಳು. ಮೂಡಲಿಗೆ ಕೆರೆ. ಹಿತ್ತಿಲಾಚೆಯ ಮನೆಯ ಬಾಗಿಲು ದೊಡ್ಡ ಬೀದಿಗಿದ್ದರೆ, ನಮ್ಮ ಮನೆ ಮೂಡಲ ತುದಿಯ ಓಣಿಯಲ್ಲಿ ಒಂಟಿಯಾಗಿ ನಿಂತಿದೆ. ಅದರಾಚೆ ಬರೀ ಜಾಲಿ ಪೊದೆ, ಆಮೇಲೆ ನೀರು. ಹೊರಗೆ ಹೋಗಬೇಕೆಂದರೆ ಓಣಿಯಿಂದ ದೊಡ್ಡ ಬೀದಿಗೆ ಬಂದು, ಇಡೀ ಊರು ಹಾದು, ಪಡುವಣ ಬಾಗಿಲಿನಿಂದಲೇ ಹೋಗಬೇಕು. ಬೇರೆ ದಾರಿಯಿಲ್ಲ.

ರೋಗ ಮೊದಲ ವರ್ಷ ಟಿವಿಯಲ್ಲಿತ್ತು. ನಾನು ಹೊಲಿಗೆ ಮಾಡುವವಳು. ಮಾಸ್ಕ್ ಹೊಲಿದುಕೊಡಿ ಎಂದು ಪಂಚಾಯ್ತಿಯವರು ಕೇಳಿದರು. ರವಿಕೆ ಹೊಲಿದು ಉಳಿದ ತುಂಡುಗಳಲ್ಲೆಲ್ಲ ಹೊಲಿದೆ. ಊರಿನ ಗಂಡಸರು ಅವನ್ನು ಗಡ್ಡಕ್ಕೆ ಹಾಕಿಕೊಂಡರು, ಬೈಕಿನ ಕನ್ನಡಿಗೆ ನೇತುಹಾಕಿದರು, ಎಲೆ ಅಡಿಕೆ ಉಗಿದು ಬಾಯಿ ಒರೆಸಿಕೊಂಡರು. ಮಾರನೆಯ ವರ್ಷ ಲಸಿಕೆಯ ಮಾತು ಬಂದಾಗ ಸೊಸೈಟಿ ಅಂಗಡಿಯ ಮುಂದೆ ದಿನಾ ಒಂದು ಸಭೆ. “ಸೂಜಿ ಹಾಕುಸ್ಕಂಡ್ರೂ ಜ್ವರ ಬತ್ತದೆ, ಬಿಟ್ರೂ ಬತ್ತದೆ ಅಂತೀರ. ಎಂಗೂ ಜ್ವರ ಬರೋದೇ ಆದ್ರೆ ಮನೇಲೇ ಕೂತು ಬರುಸ್ಕಂತೀನಿ ಬಿಡ್ರೀ” ಎಂದ ಒಬ್ಬ. ಎಲ್ಲರೂ ನಕ್ಕರು. ಬೇಸಿಗೆಯಲ್ಲಿ ಎರಡನೆಯ ಅಲೆ ಬಂದಾಗ ಹಾಗೆಂದವನನ್ನೇ ಕಾರಿನಲ್ಲಿ ಮಲಗಿಸಿಕೊಂಡು ಹೋದರು. ಅವನ ಹೆಣ ಊರಿಗೆ ಬರಲಿಲ್ಲ. ಅವನ ಹಿಂದೆ ಇನ್ನೂ ಕೆಲವರು ಹೋದರು. ಹೆಣ ಬಾರದ ಮನೆಯಲ್ಲಿ ಅಳುವುದು ಯಾವಾಗ ಶುರು ಮಾಡಬೇಕೆಂದು ಹೆಂಗಸರಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ಅವರು ಅಳಲಿಲ್ಲ. ಆ ಬೇಸಿಗೆಯಲ್ಲಿ ಸಾವಿನ ಮನೆ ಯಾವುದು, ಬದುಕಿರುವವರ ಮನೆ ಯಾವುದು ಎಂದು ಹೊರಗಿನಿಂದ ಗೊತ್ತಾಗುತ್ತಿರಲಿಲ್ಲ. ಎಲ್ಲ ಬಾಗಿಲೂ ಒಂದೇ ಥರ ಮುಚ್ಚಿರುತ್ತಿದ್ದವು.

ಆಗಲೇ ಅತ್ತೆಗೆ ಜ್ವರ ಬಂದದ್ದು. ಆಶಾ ಕಾರ್ಯಕರ್ತೆ ಬಂದು ಪರೀಕ್ಷೆ ಮಾಡಿಸಿ, ಬಾಗಿಲಿಗೆ ಚೀಟಿ ಅಂಟಿಸಿ, ಬೆರಳಿಗೆ ಸಿಕ್ಕಿಸಿ ಉಸಿರು ನೋಡುವ ಯಂತ್ರವೊಂದನ್ನು ಕೊಟ್ಟಳು. “ತೊಂಬತ್ತರ ಹತ್ರ ಇಳಿದ್ರೆ ತಕ್ಷಣ ಫೋನ್ ಮಾಡಕ್ಕ. ಇಬ್ರೂ ಹೊಸ್ತಿಲು ದಾಟ್ಬೇಡಿ” ಎಂದಳು. ನನಗೆ ಜ್ವರವಿರಲಿಲ್ಲ. ಅತ್ತೆಯನ್ನು ಬೀದಿ ಕಡೆಯ ಕೋಣೆಯಲ್ಲಿ, ಕಿಟಕಿಯ ಪಕ್ಕ ಮಲಗಿಸಿ, ಮಾಸ್ಕ್ ಹಾಕಿಕೊಂಡು ಗಂಜಿ ಕೊಡುತ್ತಿದ್ದೆ. ಗಂಜಿಗೆ ಉಪ್ಪಿಲ್ಲವೆಂದು ಬೈದರು. ನನಗೆ ಸ್ವಲ್ಪ ಧೈರ್ಯ ಬಂತು.

ಅಷ್ಟರಲ್ಲಿ ಊರಿನವರು ಹೊರಬೀಡು ಮಾಡಬೇಕೆಂದರು.

ಹೊರಬೀಡೆಂದರೆ ಊರಿಗೆ ಊರೇ ಒಂದು ಹಗಲು ಖಾಲಿಯಾಗುವುದು. ದೊಡ್ಡ ರೋಗ ಬಂದಾಗ ನಮ್ಮ ಕಡೆ ಹಿಂದಿನಿಂದಲೂ ಮಾಡುತ್ತಾರೆ. ಸೂರ್ಯ ಹುಟ್ಟುವ ಮೊದಲು ಮನೆ ಗುಡಿಸಿ, ಒಲೆಯ ಬೂದಿ ತೆಗೆದು, ಬೀಗ ಹಾಕಿ, ದನ, ಕುರಿ, ಕೋಳಿ, ನಾಯಿ ಸಮೇತ ಊರ ಹೊರಗಿನ ತೋಟಕ್ಕೆ ಹೋಗಿಬಿಡಬೇಕು. ಊರ ಬಾಗಿಲಿಗೆ ಮುಳ್ಳು ಎಳೆಯುತ್ತಾರೆ. ಆ ಹಗಲು ಊರಮ್ಮ ಒಬ್ಬಳೇ ಬೀದಿ ಬೀದಿ ನಡೆದು, ರೋಗವನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಹೊರಟುಹೋಗುತ್ತಾಳೆ. ಅವಳು ಹೋಗುವಾಗ ಯಾರೂ ನೋಡಬಾರದು. ನೋಡಿದವರ ಹಿಂದೆ ತಿರುಗಿ ಬರುತ್ತಾಳೆ. ಸಂಜೆ ಪೂಜಾರಿ ಮೊದಲು ಒಳಗೆ ಹೋಗಿ ದೀಪ ಹಚ್ಚಿದ ಮೇಲೆ ಉಳಿದವರು ಬರಬೇಕು. ಕಣ್ಣಿಗೆ ಕಾಣುವ ಜೀವ ಒಂದೂ ಊರೊಳಗೆ ಉಳಿಯಬಾರದು ಎನ್ನುವುದೇ ಇದರ ಮುಖ್ಯ ಕಟ್ಟಳೆ. ಅದನ್ನು ನೋಡಿಕೊಳ್ಳುತ್ತಿದ್ದದ್ದು ನಮ್ಮತ್ತೆ. ಹೊರಬೀಡಿನ ಬೆಳಗ್ಗೆ ಮನೆಮನೆಗೆ ನುಗ್ಗಿ, ಒಲೆಗೆ ಕೈ ಹಾಕಿ ಕೆಂಡ ಆರಿದೆಯೇ ನೋಡಿ, ಮೂಲೆಯಲ್ಲಿ ಕಾವಿಗೆ ಕೂತ ಕೋಳಿಯನ್ನೂ ಬಿಡದೆ ಹೊರಡಿಸುತ್ತಿದ್ದವರು ಅವರು.

ಈಗ ಅವರೇ ಹೊರಡಲಾಗದೆ ಮಲಗಿದ್ದರು.

ಚರ್ಚೆ ನಡೆದದ್ದು ನಮ್ಮ ಓಣಿಯ ಬಾಯಿಗಿರುವ ಸೊಸೈಟಿ ಅಂಗಡಿಯ ಮುಂದೆ. ಪಡಿತರಕ್ಕೆ ದೂರ ದೂರ ನಿಲ್ಲಲೆಂದು ನೆಲದ ಮೇಲೆ ಸುಣ್ಣದಲ್ಲಿ ವೃತ್ತ ಹಾಕಿದ್ದರು. ಒಬ್ಬೊಬ್ಬರೂ ಒಂದೊಂದು ವೃತ್ತದಲ್ಲಿ ನಿಂತು ಕಿರುಚಾಡಿದರು. ನಾನು ನಮ್ಮ ಹೊಸ್ತಿಲ ಒಳಗೆ ನಿಂತು ಕೇಳಿಸಿಕೊಂಡೆ.

“ಸರ್ಕಾರ ಮನೆ ಬಿಟ್ಟು ಹೊರಗೆ ಬರ್ಬ್ಯಾಡಿ ಅಂತದೆ, ಅಮ್ಮ ಮನೆ ಬಿಟ್ಟು ಹೊರಗೆ ಹೋಗಿ ಅಂತಾಳೆ. ಯಾರ ಮಾತು ಕೇಳಾಣ ಏಳ್ರಪ್ಪ?” ಎಂದರು ಒಬ್ಬ ಹಿರಿಯರು.

“ತೋಟದಾಗೆ ಗಾಳಿ ಬೆಳಕು ಐತೆ, ಮನೆಗಿಂತ ತೋಟಾನೇ ವಾಸಿ” ಎಂದು ಇನ್ನೊಬ್ಬರು ಕೂಗಿದರು.

ಆಶಾ ಕಾರ್ಯಕರ್ತೆ ಕೈಮುಗಿದಳು. “ತೋಟಕ್ಕೆ ಹೋಗ್ತೀರೋ ಬಿಡ್ತೀರೋ ನಿಮ್ಮಿಷ್ಟ ಕಣ್ರಪ್ಪ. ಈ ಮನೆ ಅಜ್ಜಿ ಮಾತ್ರ ಬರಂಗಿಲ್ಲ. ಜನದ ಮಧ್ಯೆ ತಂದು ಕೂರಿಸಿದ್ರೆ ಸಂಜೆಗೆ ಊರೆಲ್ಲ ಮಲಗ್ತೀರ.”

“ಕೋಳಿನೇ ಬಿಡಂಗಿಲ್ಲ, ಮನುಷ್ರನ್ನ ಬಿಡದಾ? ಹಂಗಾದ್ರೆ ಹೊರಬೀಡು ಯಾತಕ್ಕೆ?”

ಒಳಗಿನಿಂದ ಅತ್ತೆ ಕೆಮ್ಮುತ್ತಲೇ ಕೂಗಿದರು. “ನನ್ನ ಬಿಟ್ಟು ಹೋಗ್ಬ್ಯಾಡ್ರೋ! ಅವ್ಳು ನಡೆಯೋವಾಗ ನಾನು ಊರಾಗೆ ಇರಲ್ಲ!” ಅವರ ದನಿಯಲ್ಲಿ ಅಂಥ ಭಯವನ್ನು ನಾನು ಕೇಳಿದ್ದು ಅದೇ ಮೊದಲು. ರೋಗಕ್ಕೆ ಅವರು ಹೆದರಿರಲಿಲ್ಲ.

ನನಗೆ ರೇಗಿಹೋಯಿತು. “ಮುದುಕಿ ಉಸಿರಾಡಾಕೆ ಒದ್ದಾಡ್ತೈತೆ, ನಿಮಗೆ ಕೋಳಿ ಲೆಕ್ಕ!” ಎಂದು ಹೊಸ್ತಿಲಿನಿಂದಲೇ ಚೀರಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಗೆ ಊರ ಗೌಡರು ಗಂಟಲು ಸರಿಮಾಡಿಕೊಂಡು ತಮ್ಮ ವೃತ್ತದಿಂದಲೇ ತೀರ್ಪು ಹೇಳಿದರು. “ಆ ಮನೆ ಒಂಟಿ ಮನೆ. ಓಣಿ ಬಾಯಿಗೆ ಮುಳ್ಳು ಎಳೆದುಬಿಡಾನ. ಮುಳ್ಳಿನ ಈಚೆಗೆ ಊರು, ಆಚೆಗೆ ಊರಲ್ಲ. ಅವ್ರು ಮನೇಲೇ ಇರ್ಲಿ. ಊರೊಳಗೆ ಇದ್ದಂಗೂ ಆಗಲ್ಲ, ಹೊಸ್ತಿಲು ದಾಟಿದಂಗೂ ಆಗಲ್ಲ.” ವೃತ್ತಗಳಲ್ಲಿ ನಿಂತವರೆಲ್ಲ ತಲೆಯಾಡಿಸಿದರು. ಆಶಾ ಕಾರ್ಯಕರ್ತೆಯೂ ಉಸಿರು ಬಿಟ್ಟು, ಪಕ್ಕದ ಊರಿಗೆ ಹೋಗಬೇಕೆಂದು ಹೊರಟಳು. ಒಳಗೆ ಹೋಗಿ ಹೇಳಿದಾಗ ಅತ್ತೆ ಕಣ್ಣು ಮುಚ್ಚಿಕೊಂಡು, “ಹಂಗಾರೆ ನಾವು ಹೊರಗವ್ರು. ಸರಿ ಬಿಡು” ಎಂದರು. ಇಷ್ಟು ಸುಲಭದಲ್ಲಿ ಎಲ್ಲರೂ ಒಪ್ಪಿದ್ದು ನೋಡಿ ನನಗೂ ಸಮಾಧಾನವಾಯಿತು.

ಮಾರನೆಯ ಬೆಳಗ್ಗೆ ಎಚ್ಚರವಾದಾಗ ಊರು ಹೊರಟಿತ್ತು. ದನಗಳ ಗೊರಸು, ಬಾಗಿಲು ಎಳೆಯುವ ಸದ್ದು, ಮಕ್ಕಳ ಅಳು, ಎಲ್ಲವೂ ದೊಡ್ಡ ಬೀದಿಯಲ್ಲಿ ಪಡುವಣಕ್ಕೆ ಸರಿಯುತ್ತ ಹೋದವು. ನಮ್ಮ ಓಣಿಯ ಬಾಯಿಗೆ ಜಾಲಿ ಮುಳ್ಳಿನ ದೊಡ್ಡ ಕೊಂಬೆಗಳನ್ನು ಎಳೆದು ಹಾಕಿದ್ದು ಕಿಟಕಿಯಿಂದ ಕಾಣಿಸಿತು. ಆಮೇಲೆ ಸದ್ದು ನಿಂತಿತು.

ನಿಶ್ಶಬ್ದವೆಂದರೆ ಏನೆಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಗೊತ್ತಿರಲಿಲ್ಲ. ಹಿತ್ತಿಲ ಗೋಡೆಯಾಚೆ ಪಾತ್ರೆ ಸದ್ದಿಲ್ಲ. ಎಲ್ಲೋ ಒಂದು ರೇಡಿಯೋ, ಒಂದು ಮಿಕ್ಸಿ, ಒಂದು ಕೆಮ್ಮು, ಯಾವುದೂ ಇಲ್ಲ. ಅನ್ನ ಚೆಲ್ಲುವವರಿಲ್ಲದೆ ಕಾಗೆಗಳೂ ತೋಟದ ಕಡೆ ಹೋಗಿದ್ದವು. ಬೀದಿಗಳನ್ನು ಎಷ್ಟು ಚೆನ್ನಾಗಿ ಗುಡಿಸಿದ್ದರೆಂದರೆ ಯಾರೋ ಬರುವುದು ಖಂಡಿತ ಎನ್ನಿಸುತ್ತಿತ್ತು. ಬಿಸಿಲು ಏರಿದ ಮೇಲೆ ಬೀಗ ಹಾಕಿದ ಯಾವುದೋ ಮನೆಯೊಳಗೆ ಮರೆತು ಹೋದ ಮೊಬೈಲ್ ಹೊಡೆದುಕೊಳ್ಳತೊಡಗಿತು. ಹೊಡೆದು ಹೊಡೆದು ನಿಂತಿತು. ಮತ್ತೆ ಹೊಡೆಯಿತು. ಯಾರಾದರೂ ಎತ್ತಿಬಿಟ್ಟರೆ ಏನು ಮಾಡಲಿ ಎಂದುಕೊಂಡು ಕಿವಿಗೊಟ್ಟೆ. ಯಾರೂ ಎತ್ತಲಿಲ್ಲ.

ಹೆದರಿಕೆ ಮರೆಯಲು ಹೊಲಿಗೆ ಯಂತ್ರದ ಮುಂದೆ ಕೂತೆ. ಅದರ ಸದ್ದು ಇಡೀ ಊರಿಗೆ ಕೇಳುವಂತಿತ್ತು. ತುಳಿಯಲು ಮನಸ್ಸಾಗದೆ ಎದ್ದೆ. ಆಗಲೇ ಬೀದಿ ಕಡೆಯ ಕೋಣೆಯಲ್ಲಿ ಅತ್ತೆ ಮಾತನಾಡುವುದು ಕೇಳಿಸಿತು.

ಅದು ಜ್ವರದ ಬಡಬಡಿಕೆಯಂತಿರಲಿಲ್ಲ. ಓಣಿಯಲ್ಲಿ ಹೋಗುವವರನ್ನು ಕಿಟಕಿಯಿಂದ ಮಾತನಾಡಿಸುವ ಅವರ ಮಾಮೂಲಿ ದನಿ. “ಈ ಬಿಸ್ಲಾಗೆ ಎಂಗೆ ನಡೀತೀಯೇ ತಾಯಿ. ವಸಿ ಕೂತ್ಕೋ. ನೀರು ಕುಡೀತೀಯಾ?” ಆಮೇಲೆ ಉತ್ತರ ಕೇಳಿಸಿಕೊಳ್ಳುವಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ, “ಅಯ್ಯೋ, ಅದಕ್ಕೇನು, ಕೊಡು” ಎಂದರು.

ನಾನು ಒಳಗೆ ಓಡಿದೆ. ಅತ್ತೆ ಎದ್ದು ಕೂತಿದ್ದರು. ಕಿಟಕಿಯಾಚೆ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

“ಯಾರ ಹತ್ರ ಮಾತಾಡ್ತಿದ್ರಿ?”

“ಸುಸ್ತಾಗವ್ಳೆ ಕಣೇ” ಎಂದರು ಅತ್ತೆ. “ಸೆರಗು ಭಾರ ಆಗೈತಂತೆ. ವಸಿ ದೂರ ನಾನು ಹಿಡ್ಕಂತೀನಿ ಅಂದೆ.”

ಅವರು ತಮ್ಮ ಸೆರಗಿನ ತುದಿಗೆ ಗಂಟು ಹಾಕಿ ಮುಷ್ಟಿಯಲ್ಲಿ ಹಿಡಿದಿದ್ದರು. ತುಟಿ ನೀಲಿಯಾಗಿತ್ತು. ಯಂತ್ರವನ್ನು ಬೆರಳಿಗೆ ಸಿಕ್ಕಿಸಿದೆ. ಅದು ಎಂಬತ್ತರಲ್ಲಿ ಆಡುತ್ತಿತ್ತು. ಮೈಯಲ್ಲಿ ಆಕ್ಸಿಜನ್ ಇಳಿದರೆ ಮನುಷ್ಯರು ಇಲ್ಲದ್ದನ್ನು ಕಾಣುತ್ತಾರೆ, ಇಲ್ಲದವರ ಜೊತೆ ಮಾತನಾಡುತ್ತಾರೆ ಎಂದು ಆಮೇಲೆ ಆಸ್ಪತ್ರೆಯಲ್ಲಿ ನರ್ಸ್ ಹೇಳಿದರು. ನಾನು ಅದನ್ನೇ ನಂಬಿಕೊಂಡಿದ್ದೇನೆ.

ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದೆ. ಅವಳು ಆಂಬುಲೆನ್ಸ್ ಕಳಿಸಿದಳು. ಸ್ವಲ್ಪ ಹೊತ್ತಿಗೆ ಅದರ ಡ್ರೈವರ್ ಫೋನ್ ಮಾಡಿ, “ಮೇಡಂ, ನಿಮ್ಮೂರಿನ ಬಾಗ್ಲಿಗೆ ಮುಳ್ಳು ಹಾಕವ್ರೆ, ಒಳಗೆ ಬಿಡ್ತಿಲ್ಲ. ರಸ್ತೇಲಿ ನಿಂತಿದೀನಿ, ಬೇಗ ಕರ್ಕೊಂಡು ಬನ್ನಿ. ಇನ್ನೂ ಕೇಸ್ ಇದಾವೆ” ಎಂದ. ಗೌಡರಿಗೆ ಫೋನ್ ಮಾಡಿದೆ. ಹೊಡೆಯಿತು, ಎತ್ತಲಿಲ್ಲ. ಅತ್ತೆಯ ಉಸಿರು ನನ್ನ ಕೈಯಲ್ಲಿತ್ತು, ನಾನು ಅವರನ್ನು ರಸ್ತೆಗೆ ಮುಟ್ಟಿಸಬೇಕಿತ್ತು, ಉಳಿದದ್ದೆಲ್ಲ ಆಮೇಲೆ.

ಮಳೆಗಾಲದ ಪ್ಲಾಸ್ಟಿಕ್ ಕೋಟನ್ನು ಹಾಕಿಕೊಂಡು, ಅತ್ತೆಯ ಮುಖಕ್ಕೆ ಕೈಗೆ ಸಿಕ್ಕ ಮಾಸ್ಕ್ ಕಟ್ಟಿದೆ. ಯಾರದೋ ಮದುವೆ ರವಿಕೆಯ ತುಂಡಿನಲ್ಲಿ ಹೊಲಿದದ್ದು, ಕಡುಕೆಂಪು. ಜ್ವರದಲ್ಲಿ ಅವರ ಕೂದಲು ಬಿಚ್ಚಿಹೋಗಿತ್ತು. ಹಾಸಿಗೆಗೆ ಹಾಕಿದ್ದ ಬೇವಿನ ಸೊಪ್ಪು ಅದರಲ್ಲಿ ಸಿಕ್ಕಿಕೊಂಡಿತ್ತು. ಬಾಚಲು ಹೊತ್ತಿರಲಿಲ್ಲ.

ಓಣಿಯ ಬಾಯಿಗೆ ಬಂದಾಗ ಮುಳ್ಳಿನ ಕೊಂಬೆಗಳು ಒಂದು ಪಕ್ಕಕ್ಕೆ ಸರಿದಿದ್ದವು. ಒಬ್ಬರು ಹಾಯುವಷ್ಟು ಜಾಗ. ಬೆಳಗ್ಗೆ ಕಿಟಕಿಯಿಂದ ನೋಡಿದಾಗ ಸಂದಿರಲಿಲ್ಲ ಎಂದು ನನ್ನ ನೆನಪು. ಗಾಳಿಯೂ ಇರಲಿಲ್ಲ. ಅದನ್ನು ಯೋಚಿಸುತ್ತ ನಿಲ್ಲುವ ಹೊತ್ತಲ್ಲ ಅದು. ಅತ್ತೆಯನ್ನು ಮೊದಲು ಬಿಟ್ಟು ನಾನು ಹಿಂದೆ ಹಾದೆ.

ದೊಡ್ಡ ಬೀದಿ ಉದ್ದಕ್ಕೂ ಬೀಗ. ನಮ್ಮ ಹೆಜ್ಜೆಯ ಸದ್ದು ಗೋಡೆಗಳಿಗೆ ತಾಗಿ ತಿರುಗಿ ಬರುತ್ತಿತ್ತು, ನಮ್ಮ ಹಿಂದೆ ಇನ್ನೂ ಯಾರೋ ನಡೆಯುವ ಹಾಗೆ. ಎರಡು ಹೆಜ್ಜೆ ನಡೆಯುವುದು, ನಿಲ್ಲುವುದು. ನನ್ನ ಹೆಗಲಿಗೆ ಒರಗಿ ಎಂದರೆ ಅತ್ತೆ ಒರಗಲಿಲ್ಲ. ಒಂದು ಕೈಯಲ್ಲಿ ಸೆರಗಿನ ಗಂಟನ್ನು ಎದೆಗೆ ಒತ್ತಿಕೊಂಡು, ತುಂಬಿದ ಕೊಡ ಹೊತ್ತವರ ಹಾಗೆ ಸೊಂಟ ವಾಲಿಸಿ ನಡೆಯುತ್ತಿದ್ದರು. ಅವರ ಮೈಯಲ್ಲಿ ಆ ಶಕ್ತಿ ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಪಡುವಣ ಬಾಗಿಲಿನಲ್ಲಿ, ಮುಳ್ಳಿನ ಆಚೆ, ಕಾವಲಿಗೆ ತಳವಾರ ಕೂತಿದ್ದ. ಊರಿಗೆ ಬೆನ್ನು ಹಾಕಿ ಕೂರಬೇಕೆನ್ನುವುದು ನಿಯಮ, ಹಾಗೇ ಕೂತಿದ್ದ. ನಮ್ಮ ಹೆಜ್ಜೆ ಕೇಳಿ ಅವನ ಭುಜ ಸೆಟೆದುಕೊಂಡಿತು.

“ಅಣ್ಣಾ, ನಾನು ಕಣಣ್ಣಾ. ಅತ್ತೆಗೆ ಜಾಸ್ತಿ ಆಗೈತೆ. ಮುಳ್ಳು ತೆಗಿ” ಎಂದೆ.

ಅವನು ತಿರುಗಲಿಲ್ಲ. ಕೋಲನ್ನು ಹಿಂದಕ್ಕೆ ಚಾಚಿ, ಕೊಂಬೆಗೆ ಸಿಕ್ಕಿಸಿ, ಬೆನ್ನು ಹಾಕಿಕೊಂಡೇ ಎಳೆದು ದಾರಿ ಮಾಡಿದ. ನಾವು ಅವನ ಪಕ್ಕದಲ್ಲೇ ಹಾದು ಹೋಗುವಾಗ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ. ಅವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

ಬಾಗಿಲಿನಿಂದ ರಸ್ತೆಯವರೆಗೆ ದಾರಿ ತೋಟದ ನಡುವೆಯೇ ಹೋಗುತ್ತದೆ. ಎರಡೂ ಕಡೆ ತೆಂಗಿನ ಮರಗಳ ಕೆಳಗೆ ಇಡೀ ಊರು ಕೂತಿತ್ತು. ಒಲೆಗಳು ಉರಿಯುತ್ತಿದ್ದವು, ಅನ್ನ ಬೇಯುವ ವಾಸನೆ. ಮೊದಲು ನೋಡಿದ್ದು ಯಾರೋ ಹೆಂಗಸು. “ಹೊಂಟ್ಲು!” ಎಂದು ಒಂದು ಕೂಗು ಕೇಳಿತು. ಅಷ್ಟೆ. ಗಾಳಿಗೆ ರಾಗಿ ಪೈರು ಒಂದೇ ಕಡೆ ಬಾಗುವ ಹಾಗೆ ಇಡೀ ತೋಟ ತಿರುಗಿತು. ಗಂಡಸರು, ಹೆಂಗಸರು, ಮುದುಕರು ಎಲ್ಲರೂ ನಮಗೆ ಬೆನ್ನು ಹಾಕಿ, ಕೈಮುಗಿದು ಕೂತರು. ಒಬ್ಬ ತಾಯಿ ಕಂಕುಳಿನ ಕೂಸಿನ ಕಣ್ಣಿಗೆ ಅಂಗೈ ಅಡ್ಡ ಹಿಡಿದಳು.

“ಯಾರಾದ್ರೂ ಬನ್ರೋ! ಒಂದು ಕೈ ಹಿಡೀರೋ!” ಎಂದು ಕಿರುಚಿದೆ. ಒಬ್ಬರೂ ಅಲುಗಲಿಲ್ಲ. ನಾನು ಕೂಗಿದಷ್ಟೂ ಬೆನ್ನುಗಳು ಬಾಗಿದವು. ನನಗೆ ಗೊತ್ತಿದ್ದ ಬೆನ್ನುಗಳು ಅವು. ಅವುಗಳಲ್ಲಿ ಎಷ್ಟೋ ರವಿಕೆಗಳನ್ನು ನಾನೇ ಅಳತೆ ತೆಗೆದು ಹೊಲಿದಿದ್ದೆ. ಬಟ್ಟೆಯಿಂದಲೇ ಒಬ್ಬೊಬ್ಬರನ್ನೂ ಗುರುತಿಸುತ್ತ, ಹೆಸರು ಹಿಡಿದು ಕರೆಯುತ್ತ ನಡೆದೆ. ಒಲೆಯ ಮೇಲಿನ ಅನ್ನ ಉಕ್ಕಿ ಬೆಂಕಿಗೆ ಸುರಿಯುತ್ತಿತ್ತು. ಅದನ್ನು ಇಳಿಸಲೂ ಯಾರೂ ತಿರುಗಲಿಲ್ಲ.

ಅತ್ತೆ ಮಾತ್ರ ತಲೆಯೆತ್ತಿ ಎರಡೂ ಕಡೆ ನೋಡುತ್ತ ನಡೆದರು. ಹೊರಬೀಡಿನಲ್ಲಿ ತಾವು ಯಾವಾಗಲೂ ಇದ್ದ ಕಡೆಯಿಂದಲ್ಲ, ಇನ್ನೊಂದು ಕಡೆಯಿಂದ ಅದನ್ನು ಅವರು ನೋಡುತ್ತಿದ್ದರು. ಆಂಬುಲೆನ್ಸಿನ ಬಾಗಿಲು ಮುಚ್ಚಿ ಮೂಗಿಗೆ ಆಕ್ಸಿಜನ್ ಹಾಕುವಾಗ, “ಎಲ್ರೂ ಸರಿಯಾಗೇ ಕೂತಿದ್ರು ಕಣೇ. ಒಬ್ರೂ ತಪ್ಪು ಮಾಡ್ಲಿಲ್ಲ” ಎಂದರು.

ತರೀಕೆರೆಯ ಕಡೆ ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು. ಬಾಗಿಲಲ್ಲೇ ಅವರ ಸೀರೆ ತೆಗೆಸಿ, ಹಸಿರು ಅಂಗಿ ಹಾಕಿ, ಸೀರೆಯನ್ನು ಹಳದಿ ಚೀಲಕ್ಕೆ ತುರುಕಿ ಕಟ್ಟಿದರು. ನಾನು ಹೊರಗೆ ಬೇವಿನ ಮರದ ಕೆಳಗೆ ಕಾದೆ. ಅಲ್ಲಿ ನನ್ನಂಥವರು ಬೇಕಾದಷ್ಟು ಜನ ಇದ್ದರು. ಯಾರೂ ಯಾರನ್ನೂ ನಿಮ್ಮವರು ಹೇಗಿದ್ದಾರೆ ಎಂದು ಕೇಳುತ್ತಿರಲಿಲ್ಲ. ಅತ್ತೆ ಬದುಕಿದರು. ಅವರಿಗಿಂತ ಚಿಕ್ಕವರು, ಗಟ್ಟಿಯಾಗಿದ್ದವರು ಉಳಿಯಲಿಲ್ಲ, ಇವರು ಉಳಿದರು. ನಾನು ಆ ಮರದ ಕೆಳಗೆ ಕೂತು ಜೋರಾಗಿ ಅತ್ತುಬಿಟ್ಟೆ, ನಾಚಿಕೆಯಿಲ್ಲದೆ.

ವಾರ್ಡಿನಿಂದ ಹೊರಗೆ ಬಂದವರು ಮೊದಲು ಕೇಳಿದ್ದು, “ನನ್ನ ಸೀರೆ ಎಲ್ಲೇ?”

“ಸುಟ್ಟಿರ್ತಾರೆ. ರೋಗದ ಬಟ್ಟೆ.”

“ಸೆರಗಿನ ಗಂಟು ಬಿಚ್ಚಿದ್ರಾ?”

“ನಂಗೆ ಗೊತ್ತಿಲ್ಲ. ಅದ್ರಾಗೆ ಏನಿತ್ತು ಅಂತ ಕೇಳ್ತೀರ?”

ಅತ್ತೆ ಹಸಿರು ಅಂಗಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ಎಲ್ಲಿ ಇಳಿಸ್ಬೇಕು ಅಂತ ಅವ್ಳು ಹೇಳ್ಲೇ ಇಲ್ಲ. ನಾನೂ ಕೇಳ್ಲಿಲ್ಲ ಕಣೇ.” ಆಮೇಲೆ ಆ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಊರಿಗೆ ಬರುವಾಗ ಬೈಯಲು ಮಾತುಗಳನ್ನು ಜೋಡಿಸಿಕೊಂಡೇ ಬಂದಿದ್ದೆ. ಗೌಡರು ಬಾಗಿಲಲ್ಲೇ ಸಿಕ್ಕರು. ದೂರ ನಿಂತು, ನೆಲ ನೋಡುತ್ತ ಕೈಮುಗಿದರು. “ಗೌಡ್ರೇ, ಅವತ್ತು ಬಂದೋಳು ನಮ್ಮತ್ತೆ ಕಣ್ರೀ. ಜೊತೇಲಿ ನಾನಿದ್ದೆ. ಒಬ್ರಾದ್ರೂ ಎದ್ದು ಬರ್ಬಾರ್ದಿತ್ತಾ?” ಎಂದೆ.

“ಊರೊಳಗೆ ಯಾರೂ ಇರ್ಲಿಲ್ವಲ್ಲಮ್ಮ” ಎಂದರು ಅವರು, ತುಂಬ ಮೆತ್ತಗೆ. “ನಿಮ್ಮನೆ ಊರಾಚೆ ಇತ್ತು. ನಾವೇ ಮುಳ್ಳು ಎಳ್ದಿದ್ದು. ಊರೊಳಗಿಂದ ಬಂದೋಳು ಇನ್ಯಾರು ಆಗ್ತಾಳೆ?”

“ಪಕ್ಕದಾಗೆ ನನ್ನ ನೋಡ್ಲಿಲ್ವಾ?”

“ನಾವು ಯಾರೂ ನೋಡ್ಲಿಲ್ಲ ಕಣಮ್ಮ. ಯಾರ ಮೈಯಾಗೆ ಹೋದ್ಲು ಅಂತ ಕೇಳಾಕೆ ನಾವ್ಯಾರು? ಹೋದ್ಲು. ಊರು ಉಳೀತು.”

ಜೋಡಿಸಿಕೊಂಡು ಬಂದ ಮಾತುಗಳನ್ನು ಅಲ್ಲೇ ಬಿಟ್ಟು ಮನೆಯ ಕಡೆ ನಡೆದೆ. ಅವರ ಮುಖದಲ್ಲಿ ಸುಳ್ಳಿರಲಿಲ್ಲ. ಊರಿನಲ್ಲಿ ಆಮೇಲೆ ರೋಗ ಕಡಿಮೆಯಾದದ್ದೂ ನಿಜ. ಎಲ್ಲ ಕಡೆಯೂ ಕಡಿಮೆಯಾಯಿತು. ಕಡೂರಿನಲ್ಲಿ, ತರೀಕೆರೆಯಲ್ಲಿ, ಹೊರಬೀಡೆಂದರೆ ಏನೆಂದೇ ಗೊತ್ತಿಲ್ಲದ ಕಡೆಗಳಲ್ಲೂ. ಅದನ್ನು ಹೇಳಿದರೆ ನಮ್ಮೂರಿನವರು ಹೌದು ಹೌದು ಎಂದು ತಲೆಯಾಡಿಸುತ್ತಾರೆ.

ಅತ್ತೆಯನ್ನು ಯಾರೂ ಊರು ಬಿಡು ಅನ್ನಲಿಲ್ಲ. ಬೆಳಗ್ಗೆ ಬಾಗಿಲು ತೆರೆದರೆ ಜಗಲಿಯ ಮೇಲೆ ತೆಂಗಿನಕಾಯಿ, ಅರಿಶಿನ ಕುಂಕುಮ, ಬಳೆ ಇರುತ್ತಿದ್ದವು. ಇಟ್ಟವರು ಕಾಣುತ್ತಿರಲಿಲ್ಲ. ಮೊದಮೊದಲು ಅತ್ತೆಗೆ ಖುಷಿಯೇ ಆಯಿತು. “ಮರ್ವಾದೆ ಅಂದ್ರೆ ಇದು. ನೋಡಿ ಕಲಿ” ಎಂದು ನನ್ನನ್ನು ಹಂಗಿಸಿದರು. ಆಮೇಲೆ ಅವರು ಜಗಲಿಗೆ ಬಂದು ಕೂತರೆ ಓಣಿಯ ಬಾಯಲ್ಲಿ ಆಡುತ್ತಿದ್ದ ಮಕ್ಕಳನ್ನು ಅವರ ತಾಯಂದಿರು ಒಳಗೆ ಕರೆಯುತ್ತಿದ್ದರು. ಬೀದಿಗೆ ಇಳಿದರೆ ಎದುರಿಗೆ ಬಂದವರು ಪಕ್ಕಕ್ಕೆ ಸರಿದು, ಗೋಡೆಗೆ ಮುಖ ಮಾಡಿ, ಅವರು ದಾಟುವವರೆಗೆ ನಿಲ್ಲುತ್ತಿದ್ದರು. ಹೋದವಳು ತಿರುಗಿ ಬಂದಿದ್ದಾಳೆ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಮಾಸ್ಕ್ ಹಾಕಿಕೊಳ್ಳುವ ಕಾಲ ಮುಗಿದು, ಜನ ಮದುವೆ ಮುಂಜಿಗಳಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಉಣ್ಣುವ ಕಾಲ ಬಂದರೂ ನಮ್ಮ ಅತ್ತೆಗೆ ಮಾತ್ರ ಆ ಅಂತರ ಮುಗಿಯಲಿಲ್ಲ.

ಅತ್ತೆ ಈಗಿಲ್ಲ; ಆಮೇಲೆ ಕೆಲವು ವರ್ಷ ಬದುಕಿದ್ದು, ವಯಸ್ಸಾಗಿಯೇ ಹೋದರು. ಅವರ ಸಾವಿಗಿಂತ ನನ್ನನ್ನು ಹೆಚ್ಚು ಕಾಡುವುದು ಅದಕ್ಕೂ ಮೊದಲಿನ ಒಂದು ಮಧ್ಯಾಹ್ನ.

ಹಿತ್ತಿಲಿನಲ್ಲಿ ಅತ್ತೆಯ ದನಿ ಕೇಳಿ ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಗೋಡೆಯ ಹತ್ತಿರ ನಿಂತು ಆಚೆಮನೆಯಾಕೆಗೆ ಬೈಯುತ್ತಿದ್ದರು. ಬಚ್ಚಲು ನೀರು ಆ ದಿನ ಈಚೆಗೆ ಬಂದೇ ಇರಲಿಲ್ಲ. ಆದರೂ ಆಕೆಯ ಬಚ್ಚಲಿಗೆ, ಆಕೆಯ ಮೂಗಿಗೆ, ಆಕೆಯ ತವರಿಗೆ, ಒಂದನ್ನೂ ಬಿಡದೆ ಬೈದರು. ಹಳೆಯ ಬೈಗುಳಗಳನ್ನೆಲ್ಲ ಹೊರಗೆ ತೆಗೆದರು. ನಡುನಡುವೆ, ಉತ್ತರ ಬರಲೆಂದು ನಿಲ್ಲಿಸಿ ಕಾಯುತ್ತಿದ್ದರು. ಗೋಡೆಯಾಚೆ ಆಕೆ ನಮ್ಮ ಕಡೆಗೆ ಬೆನ್ನು ಹಾಕಿ, ತಲೆ ತಗ್ಗಿಸಿ ನಿಂತಿದ್ದಳು. ಕೊನೆಗೆ ನಡುಗುವ ದನಿಯಲ್ಲಿ, “ತಪ್ಪಾಯ್ತು ತಾಯಿ. ಹೊಟ್ಟೆಗೆ ಹಾಕ್ಕೋ” ಎಂದಳು. ಅತ್ತೆಗೆ ಆಕೆ ಇಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪಾಯ್ತು ಎಂದವಳಲ್ಲ.

ಅತ್ತೆ ಒಳಗೆ ಬಂದರು. ಹಿತ್ತಿಲ ಕೆಸರಿನ ಕಾಲಲ್ಲಿ ನಾನು ಆಗಷ್ಟೇ ಸಾರಿಸಿದ ನೆಲದ ಮೇಲೆ ನಡೆದು ಬಂದು, ನನ್ನ ಎದುರು ನಿಂತರು. ಕಣ್ಣಿನಲ್ಲಿ ನೀರಿತ್ತು.

“ಬೈದ್ರೂ ಬೈಯಲ್ಲ ಕಣೇ ಅವ್ಳು” ಎಂದರು. “ಲೇ, ನೀನಾದ್ರೂ ಬೈಯೇ ನನ್ನ.”

ಬೈಯಲು ಕಾರಣ ಹುಡುಕಬೇಕಿರಲಿಲ್ಲ. ನೆಲದ ತುಂಬ ಕೆಸರಿನ ಹೆಜ್ಜೆ. ಬಾಯಿ ತೆರೆದೆ. ಇಷ್ಟು ವರ್ಷ ತಾನಾಗಿಯೇ ಬರುತ್ತಿದ್ದದ್ದು ಬರಲಿಲ್ಲ. ಆ ಮುಖ ನನಗೆ ಸುಕ್ಕು ಸುಕ್ಕೂ ಗೊತ್ತಿದ್ದ ಮುಖ. ಅದನ್ನು ನೋಡುತ್ತ ನಿಂತ ನನಗೆ ಹೆದರಿಕೆಯಾಯಿತು. ನನ್ನ ಎರಡು ಕೈಗಳು ಎದೆಯ ಹತ್ತಿರ ಬಂದು ಒಂದಕ್ಕೊಂದು ಸೇರಿದ್ದವು. ಅದನ್ನು ನಾನು ನೋಡುವ ಮೊದಲೇ ಅತ್ತೆ ನೋಡಿಬಿಟ್ಟರು.